ಸಿಬಿರೇಳದ ತೂತು

ಆಗಸ್ಟ್ ೪, ಸೋಮವಾರ

ಡಾಕ್ಟರು ಈ ನೋಟ್‌ಬುಕ್ ಇಡಿಸಿದ್ದು ನಮ್ಮನೆಯವರ ಮಾತ್ರೆ, ಊಟ, ಕೈ ವ್ಯಾಯಾಮ ಬರೆಯೋದಕ್ಕೆ. ಬರೆದೆ. ಮಾತ್ರೆ ನುಂಗಿಸಿದೆ. ಊಟ ಅರ್ಧ. ಬಲಗೈ ಹಾಗೇ ಇದೆ. ಮೂರು ಸಾಲಿಗೆ ಮುಗೀತು. ಉಳಿದ ಹಾಳೆಯಲ್ಲಿ ನನ್ನ ಹೊಟ್ಟೆಉರಿ ಬರೆದುಕೊಂಡರೆ ಯಾರಪ್ಪನ ಗಂಟೇನು ಹೋಗುತ್ತೆ?

ಇವತ್ತು ಮೈದುನ ನನ್ನ ಮಾನ ಹರಾಜು ಹಾಕಿದ. ಲೈಬ್ರರಿ ಮೇಡಂ ಮಾದರಿ ನೋಡೋಕೆ ನಮ್ಮ ಮರಗೆಲಸದ ಅಂಗಡಿಗೆ ಬಂದಿದ್ದರು. ನಾಲ್ಕು ದಿನ ಕೂತು ಮಾಡಿದ ತುಂಡು. ಅವರು ಬಾಯಿ ತೆಗೆಯೋ ಮುಂಚೆ ಇವನು ಕೈಗೆ ತಗೊಂಡು, ಹಿಂದೆ ಮುಂದೆ ತಿರುಗಿಸಿ, "ಅತ್ತಿಗೆ, ಇದು ನೀವು ಕೊರೆದಿದ್ದಾ, ಇಲಿ ಕಡಿದಿದ್ದಾ?" ಅಂದ. ತೂತಿನ ಸುತ್ತ ಚಕ್ಕೆ ಎದ್ದು ಸಿಬಿರು ಸಿಬಿರಾಗಿತ್ತು, ಇಲ್ಲ ಅನ್ನಲ್ಲ. ಆದರೆ ಹೊರಗಿನವರ ಮುಂದೆ ಹಾಗೆ ಅನ್ನೋದಾ? ಮೇಡಂ ನಗಲಿಲ್ಲ. ನಕ್ಕಿದ್ದರೆ ಇಷ್ಟು ಉರೀತಿರಲಿಲ್ಲ. "ಇನ್ನೊಂದು ಮಾಡಿ ತೋರಿಸಿ. ಹದಿನೈದು ದಿನ ಕಾಯ್ತೀನಿ. ಆಗಲ್ಲ ಅನಿಸಿದ್ರೆ ಹೇಳಿಬಿಡಿ, ಬೇಜಾರಿಲ್ಲ," ಅಂದು ಹೋದರು.

ಕೆಲಸ ಇಷ್ಟು. ಲೈಬ್ರರಿಯಲ್ಲಿ ಮಕ್ಕಳಿಗೆ ಅಂತ ಮೇಲೊಂದು ಅಟ್ಟ ಮಾಡಿಸಿದ್ದಾರೆ. ಅಟ್ಟದ ಅಂಚಿಗೆ ಮರದ ರೇಲಿಂಗ್ ಬೇಕು. ಎರಡು ಅಡ್ಡಪಟ್ಟಿ, ಅದಕ್ಕೆ ಅರವತ್ನಾಲ್ಕು ಸಣ್ಣ ಕಂಬ. ಅಟ್ಟ ಇಕ್ಕಟ್ಟು, ಒಳಗೆ ಒಂದಿಂಚೂ ಕಳೀಬಾರದು ಅಂತ ಕಂಬಗಳು ಪಟ್ಟಿಯ ಹೊರಮೈಗೆ ಬರಬೇಕು. ಕಬ್ಬಿಣದ ಮೊಳೆ ಇಲ್ಲ. ಪ್ರತಿ ಕಂಬಕ್ಕೆ ಮೇಲೊಂದು ಕೆಳಗೊಂದು ಮರದ ಮೊಳೆ, ಕಂಬ ಪಟ್ಟಿ ಎರಡನ್ನೂ ತೂರಿಕೊಂಡು ಹೋಗಿ ಅಂಟಿನಲ್ಲಿ ಕೂತಿರಬೇಕು. ಒಳಗಿಂದ ಮಗು ಒರಗಿದರೆ ತಡೆಯೋದು ಆ ಎರಡು ಮೊಳೆ, ಅಷ್ಟೇ. ಈಚೆ ಮಕ್ಕಳು ಮುಟ್ಟುತ್ತಾರೆ, ಆಚೆ ಹಾಲ್‌ನಲ್ಲಿ ಕೂತವರು ನೋಡುತ್ತಾರೆ. ಹಾಗಾಗಿ ತೂತು ಎರಡೂ ಮುಖದಲ್ಲಿ ನೀಟಾಗಿರಬೇಕು.

ಇದನ್ನ ಒಪ್ಪಿಕೊಂಡಿದ್ದು ಇವರು, ಲಕ್ವ ಹೊಡೆಯೋ ಹಿಂದಿನ ವಾರ. ಹದಿನೆಂಟು ವರ್ಷ ಇವರ ಪಕ್ಕ ನಿಂತು ತೋಪಡ ಹೊಡೆದು ಮರ ನಯ ಮಾಡಿದ್ದೀನಿ, ಉಪ್ಪುಕಾಗದ ಉಜ್ಜಿದ್ದೀನಿ, ಪಾಲಿಷ್ ಹಚ್ಚಿದ್ದೀನಿ. ಕೊರೆಯೋದು, ಕೂಡಿಸೋದು ಮಾತ್ರ ಇವರದೇ. ಈಗ ಬಲಗೈ ಸತ್ತಿದೆ. ಮಾತಲ್ಲಿ ಉಳಿದಿರೋದು "ಬೇಡ" ಒಂದೇ. ಊಟಕ್ಕೆ ಬೇಡ, ಸ್ನಾನಕ್ಕೆ ಬೇಡ, ಮಾತ್ರೆಗೆ ಬೇಡ. ಅನ್ನುತ್ತಲೇ ಬಾಯಿ ತೆರೆದು ನುಂಗುತ್ತಾರೆ, ಪಾಪ.

ಮೈದುನ ಹೋಗೋವಾಗ ಬಾಗಿಲಲ್ಲಿ ನಿಂತು, "ಬೀಗದ ಕೈ ನನ್ನ ಹತ್ರ ಇರಲಿ ಅತ್ತಿಗೆ. ನಾನೇ ಅಂಗಡಿ ನೋಡ್ಕೋತೀನಿ. ನಿಮಗ್ಯಾಕೆ ಈ ಉಸಾಬರಿ?" ಅಂದ. ಕೊಡಲ್ಲ. ಈ ರೇಲಿಂಗ್ ನಿಂತರೆ ಅಂಗಡಿ ನನ್ನದು, ಬಿದ್ದರೆ ಅವನದು.

ಆಗಸ್ಟ್ ೬, ಬುಧವಾರ

ಇವರ ಕುರ್ಚಿ ಕೆಲಸದ ಮೇಜಿಗೆ ಅಂಟಿಸಿ ಹಾಕಿದ್ದೀನಿ. ನಾನು ಕೊರೀತಾ ಇದ್ದರೆ ಎಡಗೈ ಎತ್ತಿ "ಬೇಡ" ಅಂದರು. ನಿಲ್ಲಿಸಿದೆ. ಒಂದು ಬೇಕಿಲ್ಲದ ಹಲಗೆ ಚೂರು ತೋರಿಸಿದರು. ಅದನ್ನ ಪಟ್ಟಿಯ ಹಿಂದಕ್ಕೆ ಇಟ್ಟು ಬಿಗಿಸು ಅಂತ. ಡ್ರಿಲ್ಲಿನ ಬಿಟ್ ಹೊರಬರೋ ಕಡೆ ಮರಕ್ಕೆ ಆಸರೆ ಇದ್ದರೆ ಚಕ್ಕೆ ಏಳಲ್ಲ. ಆಮೇಲೆ ಚೂರಿ ತಗೊಂಡು ತೂತಿನ ಗುರುತಿನ ಸುತ್ತ ಗೀರಿದರು. ಎಡಗೈ, ನಡುಗುತ್ತಿತ್ತು, ಅರ್ಧ ಸುತ್ತು ಅವರು, ಅರ್ಧ ಸುತ್ತು ನಾನು. ಹತ್ತು ತೂತಲ್ಲಿ ಆರು ಚೆನ್ನಾಗಿ ಬಂದವು.

"ನೋಡ್ರೀ, ನಿಮ್ಮ ಹೆಂಡ್ತಿ!" ಅಂದೆ. ನಕ್ಕರು, ಒಂದೇ ಕಡೆ ತುಟಿ ಏರಿತು. ಎಷ್ಟು ದಿನ ಆಗಿತ್ತು ಈ ಮುಖ ನೋಡಿ. ನನಗೆ ಅಳು ಬಂತು, ಧೂಳು ಅಂತ ಸೆರಗಲ್ಲಿ ಒರೆಸಿಕೊಂಡೆ.

ಆಗಸ್ಟ್ ೯, ಶನಿವಾರ

ಬಿಟ್ ಮೊಂಡಾಗಿದೆ. ಕೊರೆದರೆ ಹೊಗೆ ಬರುತ್ತೆ, ತೂತು ಕಪ್ಪಾಗುತ್ತೆ, ಅರ್ಧಕ್ಕೇ ಕಚ್ಚಿಕೊಂಡು ನಿಲ್ಲುತ್ತೆ. ಸಾಣೆ ಹಿಡಿಯೋದು ಇವರಿಗೆ ಮಾತ್ರ ಗೊತ್ತು. ನಾನು ಹಿಡಿದೆ, ಮೂತಿ ಸೊಟ್ಟ ಆಯ್ತು. ಇವರು "ಬೇಡ ಬೇಡ" ಅಂತ ಎಡಗೈಯಲ್ಲಿ ಏನೋ ತೋರಿಸಿದರು. ಮತ್ತೆ ತೋರಿಸಿದರು. ಅರ್ಥ ಆಗಲಿಲ್ಲ. "ಸಾಕು ಸುಮ್ನಿರಿ" ಅಂದುಬಿಟ್ಟೆ. ತಲೆ ಕೆಟ್ಟು ಹೋಗಿತ್ತು.

ಹತ್ತಕ್ಕೆ ಐದು ಹಾಳು. ಇನ್ನು ಹತ್ತೇ ದಿನ.

ಆಗಸ್ಟ್ ೧೪, ಗುರುವಾರ

ಸಿಕ್ಕಿತು! ಸಿಕ್ಕೇ ಬಿಟ್ಟಿತು!

ಸ್ಕ್ರೂ ತಿರುಗಿಸೋ ಮುಂಚೆ ಮೇಣದಬತ್ತಿಗೆ ಒಂದು ಸಲ ಉಜ್ಜೋದು ಇವರ ಅಭ್ಯಾಸ. ಬಿಗಿ ಮರದಲ್ಲೂ ಸಲೀಸಾಗಿ ಇಳಿಯುತ್ತೆ. ಉಪಕರಣದ ತಟ್ಟೆಯಲ್ಲಿ ಯಾವಾಗಲೂ ಒಂದು ಮೋಟು ಮೇಣದಬತ್ತಿ ಇದ್ದೇ ಇರುತ್ತೆ. ಇವತ್ತು ಬಿಟ್ ಮತ್ತೆ ಕಚ್ಚಿಕೊಂಡಾಗ ಸಿಟ್ಟು ನೆತ್ತಿಗೇರಿ ಎಲ್ಲಾ ಬಿಸಾಕಿದೆ. ಕಣ್ಣಿಗೆ ಬಿತ್ತು ಆ ಮೋಟು. ಸ್ಕ್ರೂಗೆ ಆದರೆ ಬಿಟ್‌ಗೆ ಯಾಕಾಗಬಾರದು? ಬಿಸಿ ಬಿಟ್‌ಗೆ ಚೆನ್ನಾಗಿ ತಿಕ್ಕಿದೆ, ಹಿಂದೆ ಆಸರೆ ಹಲಗೆ ಬಿಗಿದೆ, ಜೋರು ತಿರುಗಿಸಿ ಒಂದೇ ಸಲ ಇಳಿಸಿದೆ.

ಹೊಗೆ ಇಲ್ಲ, ಸಿಬಿರು ಇಲ್ಲ. ತೂತಿನ ಒಳಗೋಡೆ ಮಿರಮಿರ ಮಿಂಚುತ್ತಿತ್ತು. ಬೆರಳು ಹಾಕಿದರೆ ಜಾರುತ್ತೆ. ಇವರ ಕೈಯಲ್ಲೂ ಇಂಥ ತೂತು ಬಂದಿದ್ದು ನಾನು ಕಂಡಿಲ್ಲ, ಸುಳ್ಳು ಯಾಕೆ ಹೇಳಲಿ.

ತೋರಿಸಿದೆ. ಇವರು ತೂತು ನೋಡಲಿಲ್ಲ, ಮೇಣದಬತ್ತಿ ನೋಡಿದರು. "ಬೇಡ," ಅಂದರು.

"ಊಟಾನೂ ಬೇಡ, ನೀರೂ ಬೇಡ, ಇದೂ ಬೇಡವಾ ರಾಯರೇ?" ಅಂದೆ. ಜೋರಾಗಿ ನಕ್ಕೆ. ಇವರು ನಗಲಿಲ್ಲ.

ಆಗಸ್ಟ್ ೧೮, ಸೋಮವಾರ

ಮಾದರಿ ಪಾಸ್. ಮೇಡಂ ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿದರು. "ಮೆಷಿನ್‌ನಲ್ಲಿ ಮಾಡಿಸಿದ್ರಾ?" ಅಂದರು. ಮೈದುನನ ಮುಖಕ್ಕೆ ಹಿಡಿದೆ ತುಂಡನ್ನ. ತೂತಿನಲ್ಲಿ ಕಣ್ಣಿಟ್ಟು ನೋಡಿ, "ಹೆಂಗ್ ಮಾಡಿದ್ರಿ ಅತ್ತಿಗೆ?" ಅಂದ. "ಅದೆಲ್ಲ ಕೈಯಲ್ಲಿರುತ್ತೆ ಕಣಪ್ಪಾ," ಅಂದೆ. ಹೇಳ್ತೀನಾ ನಾನು!

ಆಗಸ್ಟ್ ೨೩, ಶನಿವಾರ

ಮೂವತ್ತು ಕಂಬ ಆಯ್ತು. ಇವರು ಎಡಗೈ ಬೀಸಿ ಮೇಣದಬತ್ತಿಯನ್ನ ಮೇಜಿಂದ ಕೆಳಗೆ ಹಾಕಿದರು. ಎತ್ತಿಟ್ಟೆ. ಮತ್ತೆ ಹಾಕಿದರು. ಮೂರನೇ ಸಲ ಹಾಕಿದಾಗ ಕುರ್ಚಿ ಎಳೆದು ಕಿಟಕಿ ಹತ್ತಿರ ಬಿಟ್ಟೆ. ಅಲ್ಲಿ ಗಾಳಿ ಬರುತ್ತೆ, ರಸ್ತೆ ಕಾಣುತ್ತೆ, ಒಳ್ಳೇದೇ ಆಯ್ತು.

ಹೊಟ್ಟೆಕಿಚ್ಚು ಅಂತ ಅನಿಸುತ್ತೆ. ಗಂಡಸಲ್ವಾ. ತಾನು ಕೂತಿದ್ದು, ಹೆಂಡ್ತಿ ಕೊರೆದಿದ್ದು ತನಗಿಂತ ಚೆನ್ನಾಗಿದ್ದರೆ ಯಾರಿಗೆ ಸಹಿಸುತ್ತೆ?

ಮಾತ್ರೆ ಆಯ್ತು. ಕೈ ವ್ಯಾಯಾಮಕ್ಕೆ ಹೊತ್ತು ಸಿಗಲಿಲ್ಲ.

ಸೆಪ್ಟೆಂಬರ್ ೧, ಸೋಮವಾರ

ಇವತ್ತು ಏನು ಮಾಡಿದರು ಗೊತ್ತಾ? ನಾನು ಅಂಟಿನ ಡಬ್ಬಿ ತರೋಕೆ ಹಿಂದಕ್ಕೆ ಹೋಗಿದ್ದೆ. ಬಂದು ನೋಡಿದರೆ ಕುರ್ಚಿಯಿಂದ ಜಾರಿ, ನೆಲದ ಮೇಲೆ ತೆವಳಿಕೊಂಡು ಮೇಜಿನ ತನಕ ಬಂದು, ಮೇಣದಬತ್ತಿ ಬಾಯಿಗೆ ಹಾಕಿಕೊಂಡು ಅಗೀತಾ ಇದ್ದಾರೆ. ಬೆರಳು ಹಾಕಿ ತೆಗೆದೆ. ಕಚ್ಚಿದರು. ರಕ್ತ ಬಂತು.

"ನಿಮಗೇನು ದೊಡ್ಡ ರೋಗ!" ಅಂತ ಕೂಗಿದೆ. ಪಕ್ಕದ ಟೈಲರ್ ಅಕ್ಕ ಹೊಲಿಗೆ ಬಿಟ್ಟು ಓಡಿ ಬಂದಳು. ಇಬ್ಬರೂ ಸೇರಿ ಎತ್ತಿ ಕೂರಿಸಿದೆವು. "ಏನೋ ಹೇಳೋಕೆ ನೋಡ್ತಿದಾರೆ ಕಣೇ ಇವರು," ಅಂದಳು ಅಕ್ಕ. "ಹೇಳೋದು ಒಂದೇ, ಬೇಡ. ಏಳು ತಿಂಗಳಿಂದ ಕೇಳ್ತಾ ಇದೀನಿ," ಅಂದೆ.

ಹಿಂದಿನ ಕೋಣೆಯಲ್ಲಿ ಮಲಗಿಸಿದ್ದೀನಿ. ಅಂಗಡಿ ಧೂಳು ಇವರ ಎದೆಗೆ ಒಳ್ಳೇದಲ್ಲ. ಬಾಗಿಲು ಮುಂದಕ್ಕೆ ಹಾಕಿದರೆ ಕೂಗಿದರೂ ಅಷ್ಟಾಗಿ ಕೇಳಿಸಲ್ಲ. ಆರು ಮೇಣದಬತ್ತಿಯ ಒಂದು ಪೊಟ್ಟಣ ತಂದೆ, ಮೇಲಿನ ಗೂಡಲ್ಲಿಟ್ಟಿದ್ದೀನಿ, ಇವರ ಕೈಗೆ ಎಟುಕಲ್ಲ.

ಸೆಪ್ಟೆಂಬರ್ ೧೨, ಶುಕ್ರವಾರ

ಅರವತ್ನಾಲ್ಕೂ ಮುಗೀತು. ನೂರಿಪ್ಪತ್ತೆಂಟು ಮೊಳೆ. ಒಂದು ತೂತಿನಲ್ಲೂ ಒಂದು ಸಿಬಿರಿಲ್ಲ. ಅಂಟು ಹಚ್ಚಿ ಕೊಡತಿಯಲ್ಲಿ ಬಡಿದರೆ ಮೊಳೆ ತಾನಾಗಿ ಇಳೀತಿತ್ತು. ಹೊರಬಂದ ಅಂಟು ಒರೆಸಿದರೆ ಒಂದು ಚೂರೂ ಮರಕ್ಕೆ ಹಿಡಿಯದೆ ಸಿಪ್ಪೆ ಹಾಗೆ ಎದ್ದು ಬಂತು. ಎಷ್ಟು ಅಚ್ಚುಕಟ್ಟು! ಉಜ್ಜೋ ಕೆಲಸ ಉಳೀತು.

ಸೆಪ್ಟೆಂಬರ್ ೨೦, ಶನಿವಾರ

ಲೈಬ್ರರಿ ಅಟ್ಟ ತೆರೆದರು. ಜನವೋ ಜನ. ಮೇಡಂ ಮೈಕ್ ಹಿಡಿದು, "ಇದನ್ನ ಮಾಡಿದ್ದು ಒಬ್ಬ ಹೆಣ್ಣುಮಗಳು, ಒಂದೂ ಕಬ್ಬಿಣದ ಮೊಳೆ ಇಲ್ಲ," ಅಂದರು. ಚಪ್ಪಾಳೆ. ಕೆಳಗೆ ಕೂತವರೆಲ್ಲ ಕತ್ತೆತ್ತಿ ರೇಲಿಂಗ್ ನೋಡಿದರು. ಮೊಳೆಯ ದುಂಡು ತಲೆಗಳು ಎರಡು ಸಾಲು, ನೂಲು ಹಿಡಿದ ಹಾಗೆ. ಮೈದುನ ಮೂಲೆಯಲ್ಲಿ ನಿಂತು ಮೀಸೆ ಎಳ್ಕೊಂಡ. ಆಮೇಲೆ ಹತ್ತಿರ ಬಂದು, "ಬೀಗದ ಕೈ ವಿಷಯ ಬಿಡಿ ಅತ್ತಿಗೆ," ಅಂದ. ಕಿವಿಗೆ ಅಮೃತ ಹುಯ್ದ ಹಾಗಾಯ್ತು.

ಇವರನ್ನ ಕರ್ಕೊಂಡು ಹೋಗಬಹುದಿತ್ತು. ಗಾಲಿ ಕುರ್ಚಿ ತಳ್ಳೋದು, ಮೆಟ್ಟಿಲು, ಮತ್ತೆ ಅಲ್ಲೂ ಎಲ್ಲರ ಮುಂದೆ ಬೇಡ ಬೇಡ ಅಂತ ಶುರು ಮಾಡಿದರೆ? ಟೈಲರ್ ಅಕ್ಕ ಊಟ ಮಾಡಿಸಿದಳಂತೆ. ಮಾತ್ರೆ ಕೊಟ್ಟಳೋ ಇಲ್ಲವೋ ಕೇಳೋದು ಮರೆತೆ.

ಅಕ್ಟೋಬರ್ ೬, ಸೋಮವಾರ

ಒಂದು ವಾರದಿಂದ ಒಣಗಾಳಿ. ತುಟಿ ಬಿರೀತಿದೆ. ಅಂಗಡಿ ಬಾಗಿಲು ಕುಗ್ಗಿ ಚಿಲಕ ಸಡಿಲವಾಗಿದೆ. ಮಳೆಗಾಲದಲ್ಲಿ ಹೀರಿದ ನೀರನ್ನೆಲ್ಲ ಮರ ಈಗ ಬಿಡ್ತಾ ಇದೆ.

ಮಧ್ಯಾಹ್ನ ಇವರಿಗೆ ಗಂಜಿ ಕೊಡೋಕೆ ಹೋದೆ. ಪಾಸಾದ ಮೇಲೆ ಮೊಳೆ ಕೂರಿಸಿದ್ದ ಮಾದರಿ ತುಂಡನ್ನ ಇವರ ಕೋಣೆ ಕಿಟಕಿಗೆ ಆಸರೆ ಕೊಟ್ಟು ಇಟ್ಟಿದ್ದೆ, ಅದು ತೊಡೆಯ ಮೇಲಿತ್ತು. ನನ್ನ ಮುಖ ನೋಡಿದರು. ಆಮೇಲೆ ಎಡಗೈಯ ಎರಡೇ ಬೆರಳಲ್ಲಿ ಮೊಳೆಯ ತಲೆ ಹಿಡಿದು ಎಳೆದರು. ಬಂತು. ಪೂರ್ತಿ ಬಂತು. ತಟ್ಟೆಯ ಪಕ್ಕ ಇಟ್ಟರು. ಇನ್ನೊಂದು ಎಳೆದರು, ಅದೂ ಬಂತು. ಅಂಟು ಒಣಗಿ ಮೊಳೆಯ ಮೇಲೆ ಕವಚದ ಹಾಗೆ ಕೂತಿತ್ತು. ತೂತಿನ ಗೋಡೆಗೆ ಒಂದು ಚೂರೂ ಹತ್ತಿರಲಿಲ್ಲ.

ಮೇಣಕ್ಕೆ ಅಂಟು ಹಿಡಿಯುತ್ತಾ? ಮೂರನೇ ಕ್ಲಾಸಿನ ಮಗು ಹೇಳುತ್ತೆ, ಹಿಡಿಯಲ್ಲ ಅಂತ. ನನಗೆ ಹೊಳೆಯಲೇ ಇಲ್ಲ. ಇಷ್ಟು ದಿನ ಮೊಳೆ ನಿಂತಿದ್ದು ಬರೀ ಬಿಗಿಗೆ. ಮರ ಒಣಗಿತು, ಬಿಗಿ ಹೋಯ್ತು.

ಇವರು ಆ ಒಂದು ಮಾತೂ ಆಡಲಿಲ್ಲ. ಗಂಜಿ ಬಟ್ಟಲು ನನ್ನ ಕೈಯಿಂದ ಬಿತ್ತು.

ಅಕ್ಟೋಬರ್ ೭, ಮಂಗಳವಾರ

ಲೈಬ್ರರಿ ತೆರೆಯೋ ಹೊತ್ತಿಗೆ ಹೋದೆ. ಪಾಲಿಷ್ ನೋಡೋಕೆ ಬಂದೆ ಅಂದೆ. ಯಾರೂ ಇಲ್ಲದಾಗ ಒಂದು ಕಂಬಕ್ಕೆ ಅಂಗೈ ಒತ್ತಿದೆ. ಕೂದಲೆಳೆಯಷ್ಟು ಸರಿಯಿತು. ಪಕ್ಕದ್ದು ಒತ್ತಿದೆ. ಅದೂ ಸರಿಯಿತು. ಕೆಳಗೆ ಹಾಲ್‌ನ ಕಲ್ಲು ನೆಲ. ಹನ್ನೆರಡು ಅಡಿ ಇರಬಹುದು.

ಹೇಳಬೇಕು ಅಂತ ಮೆಟ್ಟಿಲಿಳಿದೆ. ಮೇಡಂ ಯಾರಿಗೋ ನನ್ನನ್ನ ತೋರಿಸಿ, "ಇವರೇ ಅವರು," ಅಂದರು. ಬಾಯಿಗೆ ಬಂದಿದ್ದು ಒಳಗೇ ಹೋಯ್ತು. ಹೇಳಿದರೆ ಮೈದುನ ಸಂಜೆಯೊಳಗೆ ಬೀಗದ ಕೈ ಕೇಳ್ತಾನೆ. ಹೆಂಗಸಿನ ಕೈಗೆ ಕೊಟ್ಟರೆ ಹಿಂಗೇ ಅಂತ ಊರೆಲ್ಲ ಆಡುತ್ತೆ. ಇವರ ಹೆಸರೂ ಹೋಗುತ್ತೆ. ಒಂದು ನಾಲ್ಕು ದಿನ ಯೋಚನೆ ಮಾಡ್ತೀನಿ. ಅಷ್ಟರಲ್ಲಿ ಏನೂ ಆಗದ ಹಾಗೆ ನಾನೇ ನೋಡ್ಕೊಂಡರೆ ಸರಿ.

ಅಕ್ಟೋಬರ್ ೮, ಬುಧವಾರ

ಮಕ್ಕಳು ಬರೋದು ನಾಲ್ಕರಿಂದ ಆರು. ನಾನೂ ಮೇಲೆ ಹೋಗಿ ರೇಲಿಂಗ್‌ಗೆ ಬೆನ್ನು ಮಾಡಿ ಕೂತೆ. ಕೈಯಲ್ಲೊಂದು ಪುಸ್ತಕ. ಯಾರಾದರೂ ಅಂಚಿಗೆ ಬಂದರೆ, "ಏಯ್, ಆ ಕಡೆ ಕೂತ್ಕೋ ಪುಟ್ಟಾ, ಬೆಳಕು ಬರುತ್ತೆ," ಅಂತೀನಿ. ಹೋಗ್ತವೆ. ಸುಲಭ.

ಅಕ್ಟೋಬರ್ ೧೫, ಬುಧವಾರ

ದಿನಾ ಹೋಗ್ತಿದೀನಿ. ಬಟ್ಟೆ ಸುತ್ತಿದ ಕೊಡತಿ ಚೀಲದಲ್ಲಿರುತ್ತೆ. ಯಾರೂ ಇಲ್ಲದಾಗ ಕಂಬಿ ಎಣಿಸೋ ಕೈದಿ ಹಾಗೆ ಒಂದೊಂದೇ ಕಂಬ ಮುಟ್ಟಿ ನೋಡ್ತೀನಿ, ಸಂದಿಯಲ್ಲಿ ಕೈ ತೂರಿಸಿ ಆಚೆಯಿಂದ ಮೊಳೆಯ ತಲೆಗೆ ಬಡಿದು ಒಳಕ್ಕೆ ಕೂರಿಸ್ತೀನಿ. ಮಾರನೇ ದಿನ ನೋಡಿದರೆ ಹೊರಗೆ ಬಂದಿರುತ್ತೆ.

ಮೇಡಂ ಅಂದರು, "ನಿಮ್ಮಷ್ಟು ಓದೋ ಹುಚ್ಚು ಯಾರಲ್ಲೂ ನೋಡಿಲ್ಲ." ಹೌದು ಮೇಡಂ, ಅಂದೆ. ಹದಿನೈದನೇ ಪುಟದಲ್ಲೇ ಇದ್ದೀನಿ.

ಅಕ್ಟೋಬರ್ ೨೨, ಬುಧವಾರ

ಇವರು ಮಂಚದಿಂದ ಬಿದ್ದಿದ್ದರಂತೆ. ನಾನು ಬರೋವಾಗ ಟೈಲರ್ ಅಕ್ಕ ಹಣೆಗೆ ಬಟ್ಟೆ ಕಟ್ಟಿ ಕೂರಿಸಿದ್ದಳು. ಒಂದೂವರೆ ಗಂಟೆ ನೆಲದ ಮೇಲೇ ಇದ್ದರು ಅಂದಳು. "ನಿನಗೆ ಕರುಳು ಅನ್ನೋದು ಇದೆಯೇನೇ? ಗಂಡನ್ನ ಕೂಡಿಹಾಕಿ ಲೈಬ್ರರಿಗೆ ಹೋಗಿ ಕತೆ ಪುಸ್ತಕ ಓದ್ತೀಯಾ?" ಅಂತ ಬಾಯಿಗೆ ಬಂದ ಹಾಗೆ ಬೈದಳು. ನಾನೂ ಬಿಡಲಿಲ್ಲ. "ನಿನ್ನ ಕೆಲಸ ನೀನು ನೋಡ್ಕೋ" ಅಂದೆ. ಅವಳಿಗೇನು ಗೊತ್ತು? ನಾಲ್ಕಕ್ಕೆ ಮಕ್ಕಳು ಬಂದುಬಿಡ್ತವೆ, ನಾನು ಹೋಗಲೇಬೇಕು.

ನಾಳೆಯಿಂದ ಸೊಂಟಕ್ಕೆ ಒಂದು ಪಂಚೆ ಸುತ್ತಿ ಮಂಚಕ್ಕೆ ಕಟ್ಟಿ ಹೋದರೆ ಬೀಳಲ್ಲ.

ಅಕ್ಟೋಬರ್ ೨೯, ಬುಧವಾರ

ಮೈದುನ ಬಂದಿದ್ದ, ಒಳ್ಳೇ ಮಾತಲ್ಲಿ. ಯಾವುದೋ ಹಾಸ್ಟೆಲ್‌ನವರು ಹುಡುಗಿಯರಿಗೆ ಒಂದರ ಮೇಲೊಂದು ಮಲಗೋ ಮಂಚ ಮಾಡಿಸಬೇಕಂತೆ, ಲೈಬ್ರರಿ ರೇಲಿಂಗ್ ಮಾಡಿದವರೇ ಬೇಕು ಅಂತ ಹಟ ಹಿಡಿದಿದ್ದಾರಂತೆ. "ಅಣ್ಣನಿಗಿಂತ ಹೆಸರು ಮಾಡಿಬಿಟ್ರಿ ಅತ್ತಿಗೆ. ಇಪ್ಪತ್ತು ಮಂಚ. ಒಪ್ಕೊಳ್ಲಾ?"

ಆಗಲಿ ಅಂದೆ.

ನವೆಂಬರ್ ೩, ಸೋಮವಾರ

ಬರೀಬೇಕು. ಇವತ್ತೇ ಬರೀಬೇಕು.

ಹೊರಡೋವಾಗ ಇವರು ಪಂಚೆ ಕಟ್ಟಿಸಿಕೊಳ್ಳೋಕೆ ಒಪ್ಪದೆ ಕೊಸರಾಡಿದರು. ಗಂಟು ಬಿಗಿ ಮಾಡೋ ಅಷ್ಟರಲ್ಲಿ ಹತ್ತು ನಿಮಿಷ ತಡ ಆಯ್ತು. ನಾನು ಮೆಟ್ಟಿಲು ಹತ್ತೋವಾಗ ಮಕ್ಕಳು ಆಗಲೇ ಮೇಲಿದ್ದವು. ಮುಂದಿನ ಎರಡು ಹಲ್ಲು ಬಿದ್ದ ಒಂದು ಹುಡುಗಿ ಅಂಚಿನಲ್ಲಿ ಅಂಗಾತ ಮಲಗಿ, ಪುಸ್ತಕ ಮುಖದ ಮೇಲೆ ಎತ್ತಿ ಹಿಡಿದು, ಎರಡೂ ಪಾದ ರೇಲಿಂಗ್‌ಗೆ ಒತ್ತಿಕೊಂಡು ಓದ್ತಾ ಇದ್ದಳು. ಕೂಗೋಕೆ ಬಾಯಿ ತೆಗೆದೆ. ಅವಳು ಕಾಲು ಚಾಚಿದಳು, ಅಷ್ಟೇ, ಮಕ್ಕಳು ಮೈ ಮುರಿಯೋ ಹಾಗೆ. ಒಂದು ಕಂಬದ ಬುಡ ಪಟ್ಟಿ ಬಿಟ್ಟು ಆಚೆ ಹೋಯ್ತು. ಸದ್ದೇ ಆಗಲಿಲ್ಲ. ಆಮೇಲೆ ಪಕ್ಕದ್ದು. ಅವಳ ಎರಡೂ ಕಾಲು ಮಂಡಿಯ ತನಕ ಹೊರಗೆ ಜಾರಿದವು.

ಹೇಗೆ ಹಾರಿದೆನೋ ಗೊತ್ತಿಲ್ಲ. ಲಂಗದ ಸೊಂಟಪಟ್ಟಿ ಕೈಗೆ ಸಿಕ್ಕಿತು. ಎಳೆದು ಎದೆಗೆ ಅವಚಿಕೊಂಡೆ. ಎರಡೂ ಕಂಬ ಮೇಲಿನ ಮೊಳೆಗೆ ಜೋತು ಬಿದ್ದು ಆಚೆ ಈಚೆ ಆಡ್ತಿದ್ದವು. ಕೆಳಗೆ ಹಾಲ್‌ನಲ್ಲಿ ಒಬ್ಬರು ಪೇಪರಿನಿಂದ ತಲೆ ಎತ್ತಲೂ ಇಲ್ಲ.

ಹುಡುಗಿ ಬಿಕ್ಕಿ ಬಿಕ್ಕಿ ಅಳ್ತಾ, "ನಾನು ಮುರೀಲಿಲ್ಲ ಆಂಟಿ, ದೇವರಾಣೆ ಮುರೀಲಿಲ್ಲ. ಮೇಡಂಗೆ ಹೇಳಬೇಡಿ," ಅಂದಳು.

"ಹೇಳಲ್ಲ ಬಿಡು," ಅಂದೆ.

ಅಂದ ಮೇಲೆ ನನ್ನ ತಲೆಯಲ್ಲಿ ಏನು ಬಂತು ಅಂತ ಇಲ್ಲಿ ಬರೀತೀನಿ, ಇನ್ನೆಲ್ಲೂ ಹೇಳೋಕೆ ಆಗಲ್ಲ. ಮಗು ಒದ್ದು ಮುರೀತು ಅಂದರೆ ಮುಗೀತು, ಅಂತ ಬಂತು. ಎರಡೇ ಕಂಬ. ರಿಪೇರಿ ನೆಪದಲ್ಲಿ ಒಂದು ವಾರ ಅಟ್ಟ ಮುಚ್ಚಿಸಿ ಎಲ್ಲಾನೂ ಮತ್ತೆ ಕೂರಿಸಬಹುದು. ಯಾರಿಗೂ ಗೊತ್ತಾಗಲ್ಲ. ಮಗುವಿನ ಎದೆ ನನ್ನ ಎದೆಗೆ ಡಬ ಡಬ ಬಡೀತಾ ಇತ್ತು, ನಾನು ಇಂಥ ಲೆಕ್ಕಾಚಾರ ಹಾಕ್ತಾ ಇದ್ದೆ. ಥೂ ನನ್ನ ಜನ್ಮಕ್ಕೆ.

ಅಳು ಕೇಳಿ ಮೇಡಂ ಮೇಲೆ ಬಂದರು. ಕೈಯಲ್ಲಿ ಬೈಂಡಿಂಗ್ ಅರ್ಧ ಹೊಲಿದ ಹಳೇ ಪುಸ್ತಕ. ಜೋತಾಡೋ ಕಂಬ ನೋಡಿದರು, ಹುಡುಗಿಯ ಕಡೆ ತಿರುಗಿದರು. "ಯಾರು ಮಾಡಿದ್ದು ಇದನ್ನ?" ಅವರ ಧ್ವನಿ ಗಟ್ಟಿಯಾಗಿತ್ತು. ಹುಡುಗಿ ನನ್ನನ್ನೇ ನೋಡಿದಳು.

"ನಾನು," ಅಂದೆ.

"ನೀವಾ? ಏನು ಹೇಳ್ತಿದೀರಿ?"

"ಮಾಡಿದ್ದೇ ನಾನಲ್ವಾ ಮೇಡಂ. ತೂತಿಗೆ ಮೇಣ ಹಚ್ಚಿ ಕೊರೆದೆ. ಅಂಟು ಹಿಡಿದಿಲ್ಲ. ಇವೆರಡೇ ಅಲ್ಲ, ಎಲ್ಲಾ ಹೀಗೇ ಇವೆ. ನನಗೆ ಗೊತ್ತಾಗಿ ಇವತ್ತಿಗೆ ಇಪ್ಪತ್ತೆಂಟು ದಿನ. ಮಕ್ಕಳನ್ನ ಕೆಳಗೆ ಕಳಿಸಿ."

ಅವರು ನಂಬಲಿಲ್ಲ. ನಂಬಿಕೆ ಬರದೆ ನಕ್ಕರು ಕೂಡ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಮಕ್ಕಳನ್ನ ಸಾಲಾಗಿ ಇಳಿಸಿ, ಕೆಳಗೆ ಕೂತವರನ್ನ ಎಬ್ಬಿಸಿ ಗೋಡೆ ಪಕ್ಕ ನಿಲ್ಲಿಸಿದರು. ಒಬ್ಬರೂ ಮನೆಗೆ ಹೋಗಲಿಲ್ಲ. ಉದ್ಘಾಟನೆ ದಿನ ಚಪ್ಪಾಳೆ ಹೊಡೆದವರು ಎಷ್ಟೋ ಜನ ಇದ್ದರು. ಯಾರೋ ಮೈದುನನಿಗೆ ಫೋನ್ ಮಾಡಿದರು, ಅವನೂ ಬಂದು ನಿಂತ.

ಎಲ್ಲಾ ಕಂಬ ಕಳಚಿಬಿಡೋದು ಅಂತ ನಾನು ಹಾಲ್‌ನಲ್ಲಿ ಏಣಿ ಹಾಕಿ ಹೊರಗಿಂದ ಹತ್ತಿದೆ. ಮೇಡಂ ಅಟ್ಟದ ಒಳಗೆ ನಿಂತರು. ಅರವತ್ತು ದಾಟಿದ ಹೆಂಗಸು, ಒಂದು ದಪ್ಪ ನಿಘಂಟು ಎತ್ತಬೇಕಾದರೂ ಇನ್ನೊಬ್ಬರನ್ನ ಕರೀತಾರೆ. "ಸುತ್ತಿಗೆ ಕೊಡಲಾ ಮೇಡಂ?" ಅಂದೆ. ಅವರು ಹೊಲೀತಿದ್ದ ಪುಸ್ತಕವನ್ನ ಕಂಕುಳಲ್ಲೇ ಇಟ್ಟುಕೊಂಡು ಇನ್ನೊಂದು ಅಂಗೈಯನ್ನ ಮೊದಲ ಕಂಬಕ್ಕೆ ಇಟ್ಟರು. ಅದು ಬಂತು. ಹಿಡಿದು ಕೆಳಗೆ ಮೈದುನನ ಕೈಗೆ ಕೊಟ್ಟೆ. ಅವನು ಮೊಳೆಯನ್ನ ಮೂಗಿಗೆ ಹಿಡಿದು ಮೂಸಿದ, ನೆಲದ ಮೇಲಿಟ್ಟ.

ಏಣಿ ಸರಿಸಿದೆ, ಹತ್ತಿದೆ, ಮತ್ತೆ ಸರಿಸಿದೆ. ಹತ್ತು, ಇಪ್ಪತ್ತು, ನಲವತ್ತು. ಎಲ್ಲೋ ಒಂದಾದರೂ ಗಟ್ಟಿ ನಿಲ್ಲಲಿ ಅಂತ ಹಲ್ಲು ಕಚ್ಚಿ ಬೇಡಿಕೊಂಡೆ. ಒಂದೇ ಒಂದು ನಿಲ್ಲಲಿಲ್ಲ. ಹಾಲ್‌ನಲ್ಲಿ ಕಂಬ ನೆಲಕ್ಕೆ ಇಡೋ ಸದ್ದು ಮಾತ್ರ. ಆ ಹುಡುಗಿ ಯಾರದೋ ಸೆರಗು ಹಿಡಿದು ನಿಂತು ಎಣಿಸ್ತಾ ಇದ್ದಳು.

ಅರವತ್ನಾಲ್ಕನೆಯದನ್ನ ಮೇಡಂ ನನ್ನ ಮುಖ ನೋಡ್ತಾ ಒಂದೇ ಬೆರಳಲ್ಲಿ ತಳ್ಳಿದರು. ಬಂತು. ಹಿಡಿದುಕೊಂಡೆ.